ಕೆಂಪು ಕಾರಿನ ಮೂತಿಗೆ ಮಚ್ಛೇಂದ್ರನ ಮುಖ

ಬೀದರಿನ ನೀರಾವರಿ ಕಚೇರಿಯ ಗುಮಾಸ್ತ ಮಚ್ಛೇಂದ್ರ ತನ್ನ ಜೀವಮಾನದಲ್ಲಿ ಹೇಳಿದ ಸುಳ್ಳುಗಳು ಹೆಚ್ಚಿಲ್ಲ. ರಜೆ ಅರ್ಜಿಯಲ್ಲಿ ಬರೆಯುವ ಹೊಟ್ಟೆನೋವನ್ನು ಬಿಟ್ಟರೆ ಅವನದು ತಕ್ಕಮಟ್ಟಿಗೆ ಸತ್ಯವಂತನ ಬಾಳು. ಆದರೆ ಒಂದು ಸಂಜೆ ಗಾಂಧಿ ಗಂಜಿನ ಚಹಾದಂಗಡಿಯ ಮುಂದೆ, ಅಡತಿಯವರು, ಹಮಾಲರು, ಲಾರಿಯವರು ಎಲ್ಲರೂ ಕೇಳುವ ಹಾಗೆ ಒಂದು ಮಾತು ಆಡಿಬಿಟ್ಟ. ಮಗನ ಮದುವೆ ಮುರಿದು ಬೀಳುವ ಮಟ್ಟಕ್ಕೆ ಹೋದದ್ದು ಆ ಒಂದು ಮಾತಿನಿಂದ.

ಮಾತು ಅವನ ಕಾರಿನದು. ಹೈದರಾಬಾದಿನ ಯಾವುದೋ ಹಳೆಯ ಬಂಗಲೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದ ಕೆಂಪು ಸ್ಪೋರ್ಟ್ಸ್ ಕಾರನ್ನು ಅವನು ಕೊಂಡು ತಂದಿದ್ದ. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಕೂತರೆ ನೆಲ ಕೈಗೆ ಸಿಗುತ್ತದೆ. ಅವನ ಅಪ್ಪ ಹುಡುಗನಾಗಿದ್ದಾಗ ವಿಲಾಯತಿಯಲ್ಲಿ ತಯಾರಾದ ಗಾಡಿ. ಅಲ್ಲಿಯ ಚಳಿಗೆಂದು ಕಾಲ ಬುಡಕ್ಕೆ ಬಿಸಿಗಾಳಿ ಊದುವ ಹೀಟರನ್ನೂ ಇಟ್ಟಿದ್ದರು. ಬೀದರಿನ ಮೇ ತಿಂಗಳಲ್ಲಿ ಈ ಹೀಟರಿನ ಉಪಯೋಗ ಏನಿರಬಹುದೆಂದು ಓದುಗರು ಕೇಳಿದರೆ, ಸ್ವಲ್ಪ ತಾಳಬೇಕು.

ಆ ಸಂಜೆ ಅಡತಿಯವನೊಬ್ಬ ಕಾರಿನ ಸುತ್ತ ಒಂದು ಸುತ್ತು ಬಂದು, ಇಂಥ ಹಳೆಯ ಗಾಡಿ ನಮ್ಮ ಬಿಸಿಲಿನಲ್ಲಿ ಕಾದು ನಿಂತುಬಿಡುವುದಿಲ್ಲವೇ ಎಂದು ಕೇಳಿದ. ಮಚ್ಛೇಂದ್ರ ಚಹಾದ ಕಪ್ಪನ್ನು ಬಾನೆಟ್ಟಿನ ಮೇಲೆ ಇಟ್ಟು ನಕ್ಕ.

"ಬಿಸಿ ಅಂದ್ರ ಏನಂತ ಈ ಎಂಜಿನ್‌ಗಿ ಗೊತ್ತೇ ಇಲ್ಲರಿ" ಅಂದ.

ಎಂಜಿನ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ನಿಜ ಹೇಳಬೇಕೆಂದರೆ ಅದಕ್ಕೆ ಗೊತ್ತಿದ್ದದ್ದು ಅದೊಂದೇ. ಊರು ದಾಟಿ ಸ್ವಲ್ಪ ದೂರ ಓಡಿದರೆ ಸಾಕು, ಶಾಖ ತೋರಿಸುವ ಮುಳ್ಳು ಮೆಲ್ಲಗೆ ಎದ್ದು ಕೆಂಪು ಗೆರೆಯ ಕಡೆ ಹೊರಡುತ್ತಿತ್ತು. ಹೆಂಡತಿ ಆಮ್ರಪಾಲಿ, ಮದುವೆಯಾದಾಗಿನಿಂದ ತನ್ನ ಮುಖವನ್ನು ಎಂದೂ ಹೀಗೆ ಕಣ್ಣು ಕೀಳದೆ ನೋಡದ ಗಂಡ ಈಗ ಆ ಮುಳ್ಳನ್ನು ನೋಡುತ್ತ ಕೂರುತ್ತಾನೆಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು.

ಗುಟ್ಟು ಬಲ್ಲವನು ಗಂಜಿನ ಹಿಂದೆ ಗ್ಯಾರೇಜ್ ಇಟ್ಟಿದ್ದ ಚಾಂದ ಪಾಶಾ. ಲಾರಿಗಳನ್ನು ರಿಪೇರಿ ಮಾಡಿ ಬೆಳೆದವನು, ಈ ಪುಟ್ಟ ಕಾರಿನ ಮುಂದೆ ಬಗ್ಗಿದರೆ ಅವನ ಹೊಟ್ಟೆಯೇ ಅಡ್ಡ ಬರುತ್ತಿತ್ತು. ಆದರೂ ಅವನು ಒಂದು ಉಪಾಯ ಹುಡುಕಿದ. ಎಂಜಿನಿನ ಕುದಿನೀರು ಹೀಟರಿನೊಳಗೆ ಹಾದು ಬರುತ್ತದೆ, ಹೀಟರನ್ನು ಪೂರ್ತಿ ಬಿಟ್ಟರೆ ಒಂದಿಷ್ಟು ಬಿಸಿ ಒಳಗೆ ಕೂತವರ ಮೇಲೆ ಇಳಿಯುತ್ತದೆ, ಅಷ್ಟರ ಮಟ್ಟಿಗೆ ಎಂಜಿನ್ ತಣ್ಣಗಾಗುತ್ತದೆ.

"ಅದರ ತಕಲೀಫ್ ನೀವು ಅರ್ಧಾ ಹಂಚ್ಕೊಂಡ್ರಿ ಅಂದ್ರ ಅದು ಬದುಕ್ತದ ಸಾಬ" ಅಂದ ಚಾಂದ ಪಾಶಾ. ಮುಳ್ಳು ಕೆಂಪು ಮುಟ್ಟಿದರೆ ನಿಲ್ಲಿಸಿ ಆರಲು ಬಿಡಬೇಕು, ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ಬಿಚ್ಚಬಾರದು, ಮುಂದಿನ ಜಾಲರಿಗೆ ಗಾಳಿ ಆಡುತ್ತಿರಬೇಕು ಎಂದೂ ಹೇಳಿದ. ಚಾಂದ ಪಾಶಾ ದಿನಕ್ಕೆ ನೂರು ಮಾತು ಹೇಳುವವನಾದ್ದರಿಂದ ಮಚ್ಛೇಂದ್ರನ ನೆನಪಿನಲ್ಲಿ ಹೀಟರೊಂದೇ ಉಳಿಯಿತು.

ಇಷ್ಟರಲ್ಲಿ ಮಗ ಗೌರವನಿಗೆ ಔರಾದ ತಾಲೂಕಿನ ಎಕಂಬಾದ ವಿಶಾಖಾ ಗೊತ್ತಾದಳು. ಗೌರವ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್, ಹುಡುಗಿ ಸಾಲಿ ಟೀಚರ್, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಅವಳ ಅಪ್ಪ ನಾಗಸೇನ ಮಾಸ್ತರರು ನಿವೃತ್ತ ಡ್ರಿಲ್ ಮಾಸ್ತರು. ಕೊರಳಲ್ಲಿ ಇಂದಿಗೂ ಸೀಟಿ ಇರುತ್ತದೆ. ಅವರ ಷರತ್ತು ಎರಡೇ. ಬೌದ್ಧ ಪದ್ಧತಿಯ ಮದುವೆ, ಮುಹೂರ್ತದ ಗೊಡವೆ ಇಲ್ಲ, ಆದರೆ ಹನ್ನೊಂದು ಗಂಟೆ ಅಂದರೆ ಹನ್ನೊಂದು ಗಂಟೆ. ಎರಡನೆಯದು, ಮಾಲೆ ಮರ್ಯಾದೆಯ ಮಾನಪಾನ ಕೇಳುವ ಬೀಗರು ಬೇಡ. ಅವರ ಹಿರಿಯ ಮಗಳಿಗೆ ಮೊದಲು ಗೊತ್ತಾಗಿದ್ದ ವರನ ಅಪ್ಪ, ತನಗೆ ಹಾಕಿದ ಮಾಲೆ ಸಣ್ಣದಾಯಿತೆಂದು ಜೀಪಿನಿಂದ ಇಳಿಯಲೇ ಇಲ್ಲವಂತೆ. ಮಾಸ್ತರರು ಸೀಟಿ ಊದಿ ಆ ಜೀಪನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸಿದ್ದರು.

"ಮಾಲಿಗಿ ಹಸದ ಮನ್ಯಾಗ ನನ್ನ ಮಗಳನ್ನ ಕೊಡಂಗಿಲ್ಲರಿ" ಎಂದು ಅವರು ಮಾತುಕತೆಯ ದಿನವೇ ಹೇಳಿದ್ದರು. ಮಚ್ಛೇಂದ್ರ ಹೂವೆಂದರೆ ತನಗೆ ಸೀನು ಬರುತ್ತದೆ ಎಂದು ಭರವಸೆ ಕೊಟ್ಟಿದ್ದ. ಅಲ್ಲಿಗೆ ಸುಮ್ಮನಾಗದೆ, ವರನನ್ನು ತನ್ನ ಕೆಂಪು ಕಾರಿನಲ್ಲಿ ತಾನೇ ಕರೆತರುವುದಾಗಿಯೂ, ಅದರ ಎಂಜಿನ್‌ಗೆ ಬಿಸಿ ಅಂದರೆ ಏನೆಂದು ಗೊತ್ತಿಲ್ಲವೆಂದೂ ಹೇಳಿ ಬಂದಿದ್ದ.

ಮದುವೆಯ ದಿನ ಬೆಳಿಗ್ಗೆ ದಿಬ್ಬಣದ ಬಸ್ಸು ಆಮ್ರಪಾಲಿಯನ್ನೂ ಬಳಗವನ್ನೂ ಗಂಜಿನ ಮಂದಿಯನ್ನೂ ತುಂಬಿಕೊಂಡು ಔರಾದಿನ ನೇರ ರಸ್ತೆ ಹಿಡಿಯಿತು. ಮಚ್ಛೇಂದ್ರ ಮಾತ್ರ ಭಾಲ್ಕಿಯ ಸುತ್ತುದಾರಿಯಲ್ಲಿ ಹೋಗುವುದಾಗಿ ಹೇಳಿದ. ನೇರ ರಸ್ತೆ ಒಳ್ಳೆಯದೇ ಇತ್ತು, ಆದರೆ ಅವನ ಸಾಲಿಯ ಗೆಳೆಯರು ಆ ರಸ್ತೆಯಲ್ಲಿ ಇರಲಿಲ್ಲ. ಅವರಿದ್ದದ್ದು ಭಾಲ್ಕಿಯಲ್ಲಿ. ಭಾಲ್ಕಿಯ ಚೌಕದಲ್ಲಿ ಒಮ್ಮೆ ಕೆಂಪು ಕಾರು ಹಾದುಹೋಗದಿದ್ದರೆ ಅದನ್ನು ಕೊಂಡು ಏನು ಬಂತು?

ಹೊರಡುವ ಹೊತ್ತಿಗೆ ಚಾಂದ ಪಾಶಾ ಓಡಿ ಬಂದ. ಗಾಡಿ ಅವನ ಕೈಯಲ್ಲಿ ಬದುಕಿದ್ದಲ್ಲವೇ, ಪ್ರೀತಿಯಿಂದ ಒಂದು ಚೆಂಡುಹೂವಿನ ಮಾಲೆ ತಂದಿದ್ದ. ಈ ದೀಪದಿಂದ ಆ ದೀಪದವರೆಗೆ, ಜಾಲರಿಯ ಮೇಲೆ ಚೆಂದವಾಗಿ ಕಟ್ಟಿ, ಕಣ್ಣೊರೆಸಿಕೊಂಡ. ಜಾಲರಿಗೆ ಗಾಳಿ ಬೇಕೆಂದು ತಾನೇ ಹೇಳಿದ್ದು ಅವನಿಗೂ ಮರೆತಿತ್ತು.

ಬಿಳಿ ಜುಬ್ಬಾ ತೊಟ್ಟ ಮದುಮಗ ಪಕ್ಕದಲ್ಲಿ ಕೂತ. ಊರು ದಾಟಿದ ಕೂಡಲೆ ಮುಳ್ಳು ಎದ್ದಿತು. ಮಚ್ಛೇಂದ್ರ ಹೀಟರನ್ನು ಪೂರ್ತಿ ಬಿಟ್ಟ. ಮೇಲಿನಿಂದ ಮೇ ತಿಂಗಳ ಬಿಸಿಲು, ಕೆಳಗಿನಿಂದ ವಿಲಾಯತಿ ಹೀಟರು, ನಡುವೆ ಅಪ್ಪ ಮಗ.

"ಪಪ್ಪಾ, ಉಷ್ಣ ತಲಿಗಿ ಏರೂದ್ರ ಲಕ್ಷಣ ನನಗ ಬಾಯಿಪಾಠ ಅವ" ಎಂದ ಗೌರವ ಸ್ವಲ್ಪ ಹೊತ್ತಾದ ಮೇಲೆ. "ಈಗ ಅವೆಲ್ಲಾ ನನಗ ಬರ್ಲಕತ್ತಾವ."

ಗಾಡಿ ಕಾಯುತ್ತದೆಂದು ಯಾರಿಗೂ ಹೇಳಬಾರದೆಂದು ಮಚ್ಛೇಂದ್ರ ಮಗನಿಂದ ಭಾಷೆ ತೆಗೆದುಕೊಂಡ.

ಹಲಬರ್ಗಾ ಮುಟ್ಟುವಷ್ಟರಲ್ಲಿ ಮುಳ್ಳು ಕೆಂಪು ಮುಟ್ಟಿತ್ತು. ನಿಲ್ಲಿಸಲೇಬೇಕು. ರಸ್ತೆಯ ಮೇಲೆ ಬಾನೆಟ್ ಎತ್ತಿ ನಿಂತರೆ ಬರುವವರು ಹೋಗುವವರು ನೋಡುತ್ತಾರೆ. ಪುಣ್ಯಕ್ಕೆ ಅವನ ಅಕ್ಕ ಅನುಸೂಯಾಬಾಯಿಯ ಮನೆ ಅಲ್ಲೇ ಇತ್ತು. ಮೊಣಕಾಲು ನೋವೆಂದು ಆಕೆ ಮದುವೆಗೆ ಹೊರಟಿರಲಿಲ್ಲ. ಕಾರು ಅಂಗಳಕ್ಕೆ ಬಂದು ನಿಂತದ್ದೇ ತಡ, ಆಶೀರ್ವಾದಕ್ಕೆ ಬಂದೆವೆಂದು ಮಚ್ಛೇಂದ್ರ ಅಕ್ಕನ ಕಾಲು ಮುಟ್ಟಿದ. ಅವನ ಮುಖದಿಂದ ಇಳಿಯುತ್ತಿದ್ದ ಬೆವರನ್ನು ಆಕೆ ಕಣ್ಣೀರೆಂದು ತಿಳಿದು ತಾನೂ ಅತ್ತಳು. ಎಂಜಿನ್ ಆರುವ ತನಕ ಹೊತ್ತು ಕಳೆಯಬೇಕಲ್ಲ, ಅವನು ಚಹಾ ಕುಡಿದ, ಚುರುಮುರಿ ಸುಸಲಾ ತಿಂದ, ಎಂದೂ ಕೇಳದವನು ದನಕರುಗಳ ಕ್ಷೇಮವನ್ನೂ ಕೇಳಿದ. ಇಷ್ಟು ಅಂತಃಕರಣದ ತಮ್ಮನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಆಕೆ ಹಿತ್ತಲಿನ ಹೂವು ಕೀಳಿಸಿ, ಓಣಿಯ ಹೆಂಗಸರನ್ನು ಕೂರಿಸಿ, ದಪ್ಪನೆಯ ಎರಡು ಮಾಲೆ ಕಟ್ಟಿಸಿ ಕಾರಿನ ಮೂತಿಗೆ ಹಾಕಿಸಿದಳು.

ಅವನು ಹೊರಟ ಮೇಲೆ ಭಾಲ್ಕಿಯ ಕೈಲಾಶನಿಗೆ ಫೋನು ಹಚ್ಚಿದಳು. ತನ್ನ ತಮ್ಮ ನೆನಪಿಟ್ಟುಕೊಂಡು ಒಬ್ಬೊಬ್ಬರ ಮನೆ ಮುಂದೆ ನಿಲ್ಲಿಸುತ್ತಿದ್ದಾನೆ, ನೀನು ಅವನ ಸಾಲಿಯ ಗೆಳೆಯ, ನಿನ್ನಲ್ಲಿಗೂ ಬರುತ್ತಾನೆ, ಮಾಲೆ ಹಾಕದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ ಎಂದಳು. ಕೊನೆಯ ಮಾತು ಆಕೆ ತಾನಾಗಿ ಸೇರಿಸಿದ್ದು.

ಕೈಲಾಶನದು ಫ್ಲೆಕ್ಸ್ ಅಂಗಡಿ. ಹುಟ್ಟು, ಸಾವು, ಹುಟ್ಟುಹಬ್ಬ, ನಿವೃತ್ತಿ, ಭಾಲ್ಕಿಯಲ್ಲಿ ಏನಾದರೂ ಅದು ಮೊದಲು ಅವನ ಯಂತ್ರದಿಂದ ಹೊರಗೆ ಬರಬೇಕು. ಮಾಲೆ ಯಾರು ಬೇಕಾದರೂ ಹಾಕಬಹುದು, ಫ್ಲೆಕ್ಸ್ ಹಾಕುವವನು ಗೆಳೆಯ ಎಂಬುದು ಅವನ ಸಿದ್ಧಾಂತ.

ಮಚ್ಛೇಂದ್ರ ಭಾಲ್ಕಿಯ ಚೌಕವನ್ನು ಗಾಳಿಯಂತೆ ದಾಟಬೇಕೆಂದು ಲೆಕ್ಕ ಹಾಕಿದ್ದ. ಮೂರು ಮಾಲೆಗಳ ಹಿಂದೆ ಉಸಿರಾಡುತ್ತಿದ್ದ ಎಂಜಿನ್ ಅದಕ್ಕೆ ಒಪ್ಪಲಿಲ್ಲ. ಸರಿಯಾಗಿ ಚೌಕದ ನಡುವೆ ಮುಳ್ಳು ಕೆಂಪು ದಾಟಿತು, ಅವನು ನಿಲ್ಲಿಸಿದ, ಕೈಲಾಶನ ಕಡೆಯವರು ಸಿದ್ಧರಾಗಿ ಕಾಯುತ್ತಲೇ ಇದ್ದರು. ಕಾರಿಗೂ ಮದುಮಗನಿಗೂ ಮತ್ತೆ ಮಾಲೆಗಳು ಬಿದ್ದವು. ಆಮೇಲೆ ಕೈಲಾಶ ಫ್ಲೆಕ್ಸ್ ಬಿಚ್ಚಿದ. 'ಬೀದರಿನ ಗಣ್ಯರಾದ ಮಚ್ಛೇಂದ್ರ ಸಾಹೇಬರಿಗೆ ಭಾಲ್ಕಿ ಗೆಳೆಯರ ಬಳಗದ ಹಾರ್ದಿಕ ಸ್ವಾಗತ' ಎಂದು ಬರೆದಿತ್ತು. ನಡುವೆ ಮಚ್ಛೇಂದ್ರನ ದೊಡ್ಡ ಮುಖ, ಸುತ್ತ ಬಳಗದವರ ಮುಖಗಳು, ಮೂಲೆಯಲ್ಲಿ ಅಂಚೆಚೀಟಿಯಷ್ಟು ಮದುಮಗ. ಅದನ್ನು ಬಿಗಿಯಾಗಿ ಎಳೆದು, ಗಾಳಿಗೆ ಹಾರದಂತೆ ನಾಲ್ಕೂ ಕಡೆ ತಂತಿಯಲ್ಲಿ ಜಾಲರಿಗೆ ಕಟ್ಟಿದರು. ಒಂದು ಸೂಜಿಯಷ್ಟು ಗಾಳಿಯೂ ಇನ್ನು ಒಳಗೆ ಹೋಗುವಂತಿರಲಿಲ್ಲ.

ಮಚ್ಛೇಂದ್ರ ತನ್ನ ಮುಖವನ್ನೇ ನೋಡುತ್ತ ನಿಂತ. ಬೇಡವೆನ್ನಲು ಬಾಯಿ ತೆರೆದ. ಇಷ್ಟು ದೊಡ್ಡದಾಗಿ ಅವನನ್ನು ಯಾರೂ ಎಂದೂ ಅಚ್ಚು ಹಾಕಿಸಿರಲಿಲ್ಲ. ಬಾಯಿ ಮುಚ್ಚಿದ.

ಸ್ವಲ್ಪ ನೀರು ಸಿಕ್ಕೀತೇ ಎಂದು ಮಾತ್ರ ಕೇಳಿದ. ಟ್ರೇಯಲ್ಲಿ ಬಾದಾಮಿ ಶರಬತ್ತು ಬಂತು. ಶರಬತ್ತನ್ನು ರೇಡಿಯೇಟರಿಗೆ ಹಾಕುವಂತಿಲ್ಲ, ಕುಡಿದ. ಮತ್ತೆ ನೀರು ಕೇಳಿದ. ಮತ್ತೆ ಶರಬತ್ತು ಬಂತು.

"ಗಾಡಿ ಕಾದದ ಅಂತ ಹೇಳಿಬಿಡು ಪಪ್ಪಾ" ಎಂದು ಗೌರವ ಕಿವಿಯಲ್ಲಿ ಅಂದ.

"ಗಂಜಿನ ಮಂದಿ ಮುಂದ ಏನಂದೇನಿ ಗೊತ್ತದ ಇಲ್ಲ ನಿನಗ? ಸುಮ್ಮ ನಗು."

ಮದುಮಗ ನಕ್ಕ. ಆ ಹೊತ್ತಿಗೆ ಅವನ ಜುಬ್ಬಾದ ಬಿಳಿ ಬಣ್ಣ ಬೆನ್ನಿನ ಕಡೆ ಮಾತ್ರ ಒಂದಿಷ್ಟು ಉಳಿದಿತ್ತು. ಮುಂದಿನದು ಚೆಂಡುಹೂವಿನ ಪಾಲಾಗಿತ್ತು.

ಭಾಲ್ಕಿಯಿಂದ ಔರಾದಿನ ತನಕ ಎಲ್ಲೆಲ್ಲಿ ನಿಂತರೆಂದು ಬರೆಯುತ್ತ ಹೋದರೆ ಪತ್ರಿಕೆಯ ಹಾಳೆ ಸಾಲದು. ಕೈಲಾಶ ದಾರಿಯುದ್ದಕ್ಕೂ ಇದ್ದ ಪರಿಚಯದವರಿಗೆಲ್ಲ ಫೋನು ಮಾಡಿದ್ದ. ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಮಾಲೆ, ಮಾಲೆ ಹೆಚ್ಚಿದಂತೆ ಬಿಸಿ, ಬಿಸಿ ಹೆಚ್ಚಿದಂತೆ ಇನ್ನೊಂದು ನಿಲುಗಡೆ. ನಡುವೆ ಆಮ್ರಪಾಲಿಯ ಫೋನು ಬಂತು. ಬಸ್ಸು ಮುಟ್ಟಿ ಬಹಳ ಹೊತ್ತಾಯಿತು, ಹನ್ನೊಂದು ಆಗಿ ಹೋಯಿತು, ಮಾಸ್ತರರು ಸೀಟಿ ಹಿಡಿದು ಹಂದರದ ಮುಂದೆ ಅಡ್ಡಾಡುತ್ತಿದ್ದಾರೆ, ಯಾರೋ ಅವರ ಮೊಬೈಲಿಗೆ ನಿಮ್ಮ ಫ್ಲೆಕ್ಸಿನ ಫೋಟೊ ಕಳಿಸಿದ್ದಾರೆ ಎಂದಳು. ಆಮೇಲೆ ದನಿ ತಗ್ಗಿಸಿ, ಒಳಗೆ ಹುಡುಗಿ ಅಳುತ್ತಿದೆ ಅಂದಳು. ಹೀಟರಿನ ಮುಂದೆ ಕೂತಿದ್ದರೂ ಮಚ್ಛೇಂದ್ರನ ಕೈಕಾಲು ತಣ್ಣಗಾದವು.

ಔರಾದಿನ ಚೌಕದಲ್ಲಿ ಬಂದೋಬಸ್ತಿಗೆ ನಿಂತಿದ್ದವನು ಹವಾಲ್ದಾರ ಹಾವಗೆಪ್ಪ. ಸರ್ವಿಸು ಪೂರ್ತಿ ಅವನು ಕಲಿತ ಪಾಠ ಒಂದೇ, ಫ್ಲೆಕ್ಸಿನಲ್ಲಿ ಮುಖ ಇರುವ ಮನುಷ್ಯನಿಗೆ ಮೊದಲು ಸಲಾಮು, ಪರಿಚಯ ಆಮೇಲೆ. ಹೂವಿನ ರಾಶಿಯೊಂದು ತನ್ನ ಕಡೆ ಬರುವುದನ್ನು ಕಂಡು ಅವನು ಸಲಾಮು ಹೊಡೆದ. ತಾನು ಯಾರೂ ಅಲ್ಲ, ಬೇಗ ಹೋಗಬೇಕು ಎಂದು ಮಚ್ಛೇಂದ್ರ ಬೇಡಿಕೊಂಡ. ದೊಡ್ಡವರೆಲ್ಲ ಹೀಗೇ ಹೇಳುತ್ತಾರೆಂದು ಹಾವಗೆಪ್ಪನಿಗೆ ಗೊತ್ತಿತ್ತು. ಬೈಕು ಹತ್ತಿ, ಕಾರಿಗೆ ಮುಂದಾಗಿ, ಎಡಗೈಯಲ್ಲಿ ಜನರನ್ನು ಸರಿಸುತ್ತ, ನಡೆಯುವವರ ವೇಗದಲ್ಲಿ ಕಾರನ್ನು ಬಜಾರಿನ ಉದ್ದಕ್ಕೂ ಕರೆದೊಯ್ದ.

ಹಳೆಯ ಎಂಜಿನ್‌ಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಕಾರಿನ ಹೊಟ್ಟೆಯೊಳಗೆ ಗುಳುಗುಳು ಶಬ್ದ ಎದ್ದು, ಬಾನೆಟ್ಟಿನ ಸಂದುಗಳಿಂದ, ಹೂವಿನ ನಡುವಿನಿಂದ ಬಿಳಿ ಹಬೆ ಭುಸ್ಸೆಂದು ಹೊರಬಂತು. ಮಚ್ಛೇಂದ್ರ ಕಣ್ಣು ಮುಚ್ಚಿದ. ಎಲ್ಲ ಮುಗಿಯಿತು, ಈಗ ಊರಿಗೇ ಗೊತ್ತಾಯಿತು ಎಂದುಕೊಂಡ.

ಚಪ್ಪಾಳೆ ಬಿತ್ತು. ಮದುವೆ ಹಾಲುಗಳಲ್ಲಿ ವಧುವರರು ಬರುವಾಗ ಬಿಡುತ್ತಾರಲ್ಲ, ಆ ಹೊಗೆಯ ಯಂತ್ರವನ್ನು ಈತ ಕಾರಿಗೇ ಕೂರಿಸಿದ್ದಾನೆಂದು ಜನ ತಿಳಿದರು. ಮೊಬೈಲುಗಳು ಮೇಲೆದ್ದವು. ಇನ್ನೊಮ್ಮೆ ಬಿಡಿ ಎಂದು ಹಿಂದಿನಿಂದ ಯಾರೋ ಕೂಗಿದರು. ಎಂಜಿನ್ ಅವರ ಮಾತು ನಡೆಸಿಕೊಟ್ಟಿತು.

ಔರಾದ ದಾಟಿ ಎಕಂಬಾದ ದಾರಿಯಲ್ಲಿ, ಒಂದು ಬೇವಿನ ಮರದ ಕೆಳಗೆ, ಕಾರು ಒಂದು ಸಲ ನಡುಗಿ ತಾನಾಗಿಯೇ ನಿಂತಿತು. ಅಕ್ಕನ ಮನೆ ಇಲ್ಲ, ಗೆಳೆಯನ ಅಂಗಡಿ ಇಲ್ಲ, ಮಾಲೆ ಹಾಕುವವರೂ ಇಲ್ಲ. ಅಪ್ಪ ಮಗ ಇಬ್ಬರೂ ಇಳಿದು ನೆರಳಿಗೆ ಬಂದು ನಿಲ್ಲುವಷ್ಟರಲ್ಲಿ ಎದುರಿನಿಂದ ಒಂದು ಮೋಟರ್‌ಸೈಕಲ್ ಬಂತು. ನಾಗಸೇನ ಮಾಸ್ತರರು ಇಳಿದರು, ಸ್ಟ್ಯಾಂಡ್ ಹಾಕಿದರು, ಹೆಲ್ಮೆಟ್ ತೆಗೆದರು, ಕಾರಿನ ಮುಂದೆ ಬಂದು ಫ್ಲೆಕ್ಸನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಸಿಟ್ಟಿಗಿಂತ ಅವರ ಮುಖದ ಮೇಲೆ ದುಃಖವೇ ಹೆಚ್ಚಿತ್ತು.

"ಹುಡುಗನ ಮ್ಯಾಲ ನನ್ನ ತಕರಾರಿಲ್ಲರಿ" ಎಂದರು. "ಆದ್ರ ಮಾಲಿ ಸಲುವಾಗಿ ಊರೂರಾಗ ಗಾಡಿ ನಿಂದ್ರಸೋರ ಮನಿಗಿ ನನ್ನ ಮಗಳು ಬರಂಗಿಲ್ಲ. ನೀವು ಹಿಂದಕ ತಿರುಗಿಸ್ಕೊಂಡು ಹೋಗ್ರಿ."

ಗೌರವ ಅಪ್ಪನ ಮುಖ ನೋಡಿದ. ಮಾತಿಗೆ ಕಟ್ಟುಬಿದ್ದ ಹುಡುಗ, ಬಾಯಿ ಬಿಡಲಿಲ್ಲ, ಆದರೆ ಅವನ ಕಣ್ಣುಗಳು ತುಂಬಿ ಬಂದಿದ್ದವು. ಈ ಸಲ ಅದು ಬೆವರಲ್ಲವೆಂದು ಮಚ್ಛೇಂದ್ರನಿಗೆ ಗೊತ್ತಾಯಿತು. ಅವನಿಗೆ ತನ್ನ ಮೇಲೆ ನಾಚಿಕೆಯಾಯಿತು. ಫ್ಲೆಕ್ಸಿನ ಮೇಲಿನ ಮಚ್ಛೇಂದ್ರ ಸಾಹೇಬರು ಮಾತ್ರ ನಗುತ್ತಲೇ ಇದ್ದರು.

"ತಿರುಗಸಾಕ ಆಗಂಗಿಲ್ಲರಿ ಮಾಸ್ತರ" ಎಂದ ಮಚ್ಛೇಂದ್ರ. "ಗಾಡಿ ಕಾದು ಕುದೀಲಕತ್ತದ. ಬೀದರ ಬಿಟ್ಟಾಗಿಂದ ಕುದೀಲಕತ್ತದ. ನಾ ಸುಳ್ಳು ಹೇಳೇನಿ. ನನಗ ಎಲ್ಲೂ ಮಾಲಿ ಬೇಕಾಗಿದ್ದಿಲ್ಲರಿ, ನೀರು ಬೇಕಾಗಿತ್ತು."

ಮಾಸ್ತರರು ನಂಬಲಿಲ್ಲ. ಬಿಸಿ ಅಂದರೆ ಗೊತ್ತೇ ಇಲ್ಲದ ಎಂಜಿನ್ ಎಂದು ತಾವೇ ಹೇಳಿದ್ದಿರಲ್ಲ ಎಂದು ಕೇಳಿದರು. ಮಚ್ಛೇಂದ್ರ ಹೀಟರಿನ ವಿಷಯ ಹೇಳಿದ. ಮೇ ತಿಂಗಳಲ್ಲಿ ಹೀಟರ್ ಹಚ್ಚಿಕೊಂಡು ಬರುವ ಮನುಷ್ಯ ಭೂಮಿಯ ಮೇಲೆ ಇರಲಾರ ಎಂದು ಮಾಸ್ತರರು ಸಾಧಿಸಿದರು. ಕೊನೆಗೆ ಪರೀಕ್ಷೆ ಮಾಡಿಯೇ ಬಿಡುತ್ತೇನೆಂದು ಅವರೇ ಕಾರಿನಲ್ಲಿ ಇಳಿದು ಕೂತರು. ಮಚ್ಛೇಂದ್ರ ಚಾವಿ ಅರ್ಧ ತಿರುಗಿಸಿದ. ಎಂಜಿನ್ ನಿಂತಿದ್ದರೂ ಹೀಟರಿನ ಪಂಖ ತಿರುಗಿತು, ಅದರೊಳಗಿನ ಕುದಿನೀರಿನ ಬಿಸಿ ಮಾಸ್ತರರ ಧೋತರದೊಳಗೆ ನುಗ್ಗಿತು.

ಡ್ರಿಲ್ ಮಾಸ್ತರರಾಗಿದ್ದವರು, ಕೂಡಲೆ ಏಳಲಿಲ್ಲ. ಒಂದು ಉಸಿರು ತಡೆದರು, ಎರಡು ಉಸಿರು ತಡೆದರು, ಆಮೇಲೆ ಬಾಗಿಲು ತೆರೆಯುವುದನ್ನೂ ಮರೆತು ಅದರ ಮೇಲಿನಿಂದಲೇ ಹೊರಗೆ ಹಾರಿದರು.

"ಇದರಾಗ ಬೀದರಿಂದ ಕುಂತು ಬಂದೀರೇನು?" ಎಂದು ಅಳಿಯನನ್ನು ಕೇಳಿದರು. ಗೌರವ ಹೌದೆಂದು ತಲೆಯಾಡಿಸಿದ. ಆ ಹುಡುಗನನ್ನು ಅವರು ಹೊಸದಾಗಿ ನೋಡುವಂತೆ ನೋಡಿದರು. ಇಷ್ಟು ತಾಳ್ಮೆಯ ಗಂಡ ತನ್ನ ಮಗಳಿಗೆ ಇಡೀ ಜಿಲ್ಲೆಯಲ್ಲಿ ಸಿಗಲಾರ ಎಂದು ಆಮೇಲೆ ಅವರು ಮನೆಯಲ್ಲಿ ಹೇಳಿದರಂತೆ.

ಮುಂದಿನದೆಲ್ಲ ಶಿಸ್ತಾಗಿ ನಡೆಯಿತು. ಮಾಸ್ತರರು ಸೀಟಿ ಊದಿದರು. ಮೂವರೂ ಸೇರಿ ಮಾಲೆಗಳನ್ನು ಕಿತ್ತರು, ಕೈಲಾಶನ ತಂತಿಗಳನ್ನು ಬಿಚ್ಚಿದರು. ತನ್ನ ಮುಖ ಜಾಲರಿಯಿಂದ ಕಳಚಿ ಬಂದಾಗ ಮಚ್ಛೇಂದ್ರನಿಗೆ, ಯಾರೋ ತನ್ನದೇ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಹಾಗೆ ಹಾಯೆನಿಸಿತು. ಬಾನೆಟ್ ಎತ್ತಿಟ್ಟು, ಎಂಜಿನ್ ಆರುವ ತನಕ ಆ ಫ್ಲೆಕ್ಸನ್ನೇ ಮರದಡಿ ಹಾಸಿಕೊಂಡು ಕೂತರು. ಜಾಗ ಇಕ್ಕಟ್ಟು. ಬೀದರಿನ ಗಣ್ಯರ ಮುಖದ ಮೇಲೆ ಮಚ್ಛೇಂದ್ರನೇ ಕೂರಬೇಕಾಯಿತು. ತಾವು ಹೊರಡುವಾಗ ವಿಶಾಖಾ, ಅವರು ಅಂಥವರಲ್ಲ, ಏನೋ ಆಗಿರಬೇಕು, ಕೇಳಿಯಾದರೂ ನೋಡು ಎಂದು ದಾರಿಗೆ ಅಡ್ಡ ನಿಂತಿದ್ದಳೆಂದು ಮಾಸ್ತರರು ಹೇಳಿದರು. ಗೌರವ ಬೇವಿನ ಎಲೆಗಳನ್ನು ಬಹಳ ಲಕ್ಷ್ಯವಿಟ್ಟು ನೋಡತೊಡಗಿದ. ರೇಡಿಯೇಟರ್ ಕೈ ಮುಟ್ಟುವಷ್ಟು ಆರಿದ ಮೇಲೆ ಮಾಸ್ತರರು ಪಕ್ಕದ ಹೊಲದ ಪಂಪಿನಿಂದ ಹೆಲ್ಮೆಟ್ಟಿನಲ್ಲಿ ನೀರು ತಂದು ತಂದು ಕೊಟ್ಟರು, ಮಚ್ಛೇಂದ್ರ ಮೆಲ್ಲಗೆ ಮುಚ್ಚಳ ಬಿಚ್ಚಿ ಹೊಯ್ದ.

ಕಾರು ಹೊರಟಿತು. ಮುಂದೆ ಮಾಸ್ತರರ ಮೋಟರ್‌ಸೈಕಲ್, ಹಿಂದೆ ಹೂವಿಲ್ಲದ, ಫ್ಲೆಕ್ಸಿಲ್ಲದ ಕೆಂಪು ಕಾರು. ಗಾಳಿ ಜಾಲರಿಯೊಳಗೆ ಸರಾಗವಾಗಿ ನುಗ್ಗಿತು. ಮಚ್ಛೇಂದ್ರ ಮುಳ್ಳಿನ ಕಡೆ ನೋಡಿದ. ಅದು ನಡುವೆ ಬಂದು, ಅಲ್ಲೇ ನಿಂತಿತು. ಅವನು ಸ್ವಲ್ಪ ಹೊತ್ತು ಕಾಯ್ದ, ಮುಳ್ಳು ಕದಲಲಿಲ್ಲ. ಕೈ ಚಾಚಿ ಹೀಟರನ್ನು ಬಂದ್ ಮಾಡಿದ. ಗೌರವ ಅಪ್ಪನ ಭುಜದ ಮೇಲೆ ಒಂದು ಸಲ ಕೈ ಇಟ್ಟು ತೆಗೆದ.

ಎಕಂಬಾದ ಹಂದರದ ಮುಂದೆ ಎರಡೂ ಕಡೆಯ ಬಳಗ ಸಾಲಾಗಿ ನಿಂತಿತ್ತು. ಆಮ್ರಪಾಲಿ ಗಂಡನನ್ನು ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು. ಮಾಲೆಗೆ ಹಸಿದ ಬೀಗರು ಬರುತ್ತಿದ್ದಾರೆಂದು ಇಡೀ ಊರಿಗೆ ಸುದ್ದಿ ಮುಟ್ಟಿತ್ತಲ್ಲ, ವಿಶಾಖಾಳ ತಾಯಿ ಮಗಳ ಮದುವೆ ಹೇಗಾದರೂ ಉಳಿಯಲೆಂದು ತೊಡೆಯಷ್ಟು ದಪ್ಪದ ಮಾಲೆ ಕಟ್ಟಿಸಿ, ಇಬ್ಬರಿಂದ ಹೊರಿಸಿಕೊಂಡು ಕಾರಿನ ಮೂತಿಯ ಕಡೆಗೇ ಬರುತ್ತಿದ್ದರು.

ಮಾಸ್ತರರ ಸೀಟಿ ಇಡೀ ಎಕಂಬಾಕ್ಕೆ ಕೇಳಿಸಿತು. ಎಲ್ಲರೂ ಇದ್ದಲ್ಲೇ ನಿಂತರು. ಈ ಗಾಡಿಯ ಮೂತಿಗೆ ಯಾರೂ ಏನನ್ನೂ ಕಟ್ಟಬಾರದು, ನೀರು ತರಬೇಕು ಎಂದು ಅವರು ಹುಕುಂ ಮಾಡಿದರು. ಒಂದು ಕೊಡ ನೀರು, ಮೇಲೊಂದು ತಂಬಿಗೆ ಬಂತು. ಮಾಸ್ತರರು ತಂಬಿಗೆ ತುಂಬಿಕೊಂಡು ಮಚ್ಛೇಂದ್ರನ ಮುಂದೆ ನಿಂತರು. ಅವರ ಮೀಸೆಯ ಕೆಳಗೆ ನಗು ಸುಳಿದಾಡುತ್ತಿತ್ತು.

"ಬೀಗರೇ, ಮೊದಲ ಗಾಡಿಗೇನ್ರಿ, ನಿಮಗೇನ್ರಿ?" ಎಂದು ಕೇಳಿದರು.

ಬೀದರಿನ ಬಸ್ಸಿನಲ್ಲಿ ಬಂದ ಗಂಜಿನ ಮಂದಿಯೂ ಅಲ್ಲಿ ನಿಂತು ಕೇಳುತ್ತಿದ್ದರು. ಮಚ್ಛೇಂದ್ರ ಅವರ ಕಡೆ ನೋಡಲೇ ಇಲ್ಲ.

"ಮೊದಲ ನನಗರಿ" ಎಂದು ತಂಬಿಗೆ ಇಸಿದುಕೊಂಡು, ಕೆಳಗಿಳಿಸದೆ ಪೂರ್ತಿ ಕುಡಿದ.